ಕಾಡಿನ ಲೆಕ್ಕದಲ್ಲಿ ದುಡಿಯುವವನ ಪಾಲು

ನೂಲಿನ ಗಿರಣಿಯೊಂದರಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ತರುಣ ಸಂಗಾತಿಯೊಬ್ಬ ಎರಡು ವರ್ಷದ ಹಿಂದೆ ಬೇಸಗೆಯಲ್ಲಿ ಒಂದು ಅರ್ಜಿ ಹಿಡಿದುಕೊಂಡು ಸಂಘದ ಕಚೇರಿಗೆ ಬಂದ. ಕಾಡಿನಲ್ಲಿ ವಿಜ್ಞಾನಿಗಳ ಜೊತೆ ನಡೆದು ಪ್ರಾಣಿಗಳ ಎಣಿಕೆ ಮಾಡುವುದಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆಂದು ಒಂದು ಸಂಸ್ಥೆ ಪ್ರಕಟಿಸಿತ್ತು. ಹುಡುಗನಿಗೆ ಚಿಕ್ಕಂದಿನಿಂದ ಹಕ್ಕಿಗಳ ಹುಚ್ಚು. ಅರ್ಜಿ ಇಂಗ್ಲಿಷಿನಲ್ಲಿತ್ತು, ಓದಿ ಹೇಳಿರೆಂದು ಕೇಳಿದ. ಓದಿದೆವು. ಎಡೆಬಿಡದೆ ಏಳು ದಿನ ಇರತಕ್ಕದ್ದು. ಹೋಗಿ ಬರುವ ಖರ್ಚು ತನ್ನದು. ಮಂದ ಬಣ್ಣದ ಬಟ್ಟೆ, ಬೂಟು, ದುರ್ಬೀನು ತನ್ನವೇ. ಇಂಗ್ಲಿಷಿನಲ್ಲಿ ಬರೆದುಕೊಳ್ಳಲು ಬರತಕ್ಕದ್ದು. ಊಟ, ವಸತಿ ಅವರದು, ಕೂಲಿ ಇಲ್ಲ.

ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಏಳು ದಿನದ ಪಗಾರ ಹೋತು. ಬೂಟು, ಬಸ್ಸು ಸೇರಿದರ ತಿಂಗಳ ಬಾಡಿಗಿ ಹೋತು. ಇದು ನಮ್ಮಂಥವರಿಗಲ್ಲ ಬಿಡ್ರಿ ಅಣ್ಣಾರ," ಎಂದು ಅರ್ಜಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡ. ಹರಿದು ಹಾಕಲಿಲ್ಲವೆಂಬುದನ್ನು ನಾನು ಗಮನಿಸಿದೆ.

ಅವನ ಲೆಕ್ಕ ತಪ್ಪೇನೂ ಅಲ್ಲ. ಕಾರ್ಖಾನೆಯಲ್ಲಿ ಇಪ್ಪತ್ತು ದಿನ ದುಡಿದವನಿಗೆ ಒಂದು ದಿನದ ಸಂಬಳ ಸಹಿತ ರಜೆ ಎಂಬುದು ಕಾನೂನು. ಏಳು ದಿನದ ರಜೆ ಕೂಡಬೇಕಾದರೆ 140 ದಿನ ದುಡಿಯಬೇಕು. ತಂಗಿಯ ಮದುವೆ, ತಾಯಿಯ ಜ್ವರ, ಊರಿನ ಜಾತ್ರೆ ಎಲ್ಲಕ್ಕೂ ಅದೇ ರಜೆಯಿಂದಲೇ ಕತ್ತರಿಸಿಕೊಡಬೇಕು. ಗುತ್ತಿಗೆಯ ಕೂಲಿಗಾದರೆ ಆ ರಜೆಯೂ ಕಾಗದದ ಮೇಲಿನದು. ಸಣ್ಣ ಅಂಗಡಿಕಾರನ ಪಾಡು ಇನ್ನೊಂದು ಬಗೆ. ಏಳು ದಿನ ಬಾಗಿಲು ಹಾಕಿದರೆ ಗಿರಾಕಿ ಎದುರಿನ ಅಂಗಡಿಗೆ ರೂಢಿಯಾಗಿಬಿಡುತ್ತಾನೆ. ಸ್ವಯಂಸೇವೆ ಎಂಬ ಮಾತು ಕೇಳುವುದಕ್ಕೆ ಹಿತವಾಗಿದೆ. ಆದರೆ ಮೈಮೇಲೆ ಏಳು ದಿನದ ಬಿಡುವು ಉಳ್ಳವನಿಗೆ ಮಾತ್ರ ಅದು ಸಾಧ್ಯವಾಗುವಂತೆ ಏರ್ಪಾಟು ಮಾಡಲಾಗಿದೆ.

ಹೊರದೇಶಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಮೆರಿಕದ ಬಾಸ್ಟನ್ ನಗರದಲ್ಲಿ 1971ರಲ್ಲಿ ಹುಟ್ಟಿದ ಅರ್ಥ್‌ವಾಚ್ ಎಂಬ ಸಂಸ್ಥೆ ಸಾಮಾನ್ಯ ಜನರನ್ನು ವಿಜ್ಞಾನಿಗಳ ಜೊತೆ ಕಾಡಿಗೆ, ಕಡಲಿಗೆ ಕಳಿಸುತ್ತದೆ. ಅಲ್ಲಿ ಸ್ವಯಂಸೇವಕ ಕೂಲಿ ಪಡೆಯದಿರುವುದು ಮಾತ್ರವಲ್ಲ, ತಾನೇ ವಾರಕ್ಕೆ ಸಾವಿರಾರು ಡಾಲರು ತೆತ್ತು ದುಡಿಯಬೇಕು. ಆಮೆಯ ಮೊಟ್ಟೆ ಎಣಿಸಲು, ಹಕ್ಕಿಯ ಕಾಲಿಗೆ ಬಳೆ ತೊಡಿಸಲು ತೆರುವ ಹಣ ಅದು. ಇದನ್ನು ಮೋಸವೆಂದು ನಾನು ಹೇಳಲಾರೆ. ಆ ಹಣದಿಂದಲೇ ಎಷ್ಟೋ ಸಂಶೋಧನೆಗಳು ನಡೆದಿವೆ. ಸರ್ಕಾರಗಳು ಕೊಡದಿದ್ದುದನ್ನು ಆ ಜನ ಕೊಟ್ಟಿದ್ದಾರೆ. ಆದರೆ ದುಡಿಯುವ ಹಕ್ಕನ್ನೇ ದುಡ್ಡು ಕೊಟ್ಟು ಕೊಳ್ಳಬೇಕಾದ ಈ ಪದ್ಧತಿಯನ್ನು ನಮ್ಮ ಗಿರಣಿಯ ಗೇಟಿನ ಬಳಿ ನಿಂತು ವಿವರಿಸಿದರೆ ಜನ ನಗುತ್ತಾರೆ.

"ನಮ್ಮಂಥವರಿಗಲ್ಲ" ಎಂಬ ಮಾತು ಮಾತ್ರ ನನ್ನನ್ನು ಕೆಣಕಿತು. ಏಕೆಂದರೆ ಅದು ಚರಿತ್ರೆಗೆ ವಿರುದ್ಧವಾದ ಮಾತು. ಬೆಟಗೇರಿಯ ನೇಕಾರ ಬಂಧುಗಳು ಇದನ್ನು ಗಮನವಿಟ್ಟು ಓದಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಮುತ್ತಲ ಹಳ್ಳಿಗಳಲ್ಲಿ ಕೈಮಗ್ಗದ ನೇಕಾರರು, ಚಮ್ಮಾರರು ಸಸ್ಯಶಾಸ್ತ್ರದ ಸಂಘಗಳನ್ನು ಕಟ್ಟಿಕೊಂಡಿದ್ದರು. ಭಾನುವಾರ ಹೆಂಡದಂಗಡಿಯಲ್ಲಿ ಅವರ ಸಭೆ. ಪ್ರತಿಯೊಬ್ಬನೂ ಆ ವಾರ ಗುಡ್ಡ ಕಣಿವೆ ಅಲೆದು ತಂದ ಗಿಡವನ್ನು ಮೇಜಿನ ಮೇಲೆ ಇಡುವನು. ಅಧ್ಯಕ್ಷನು ಒಂದೊಂದನ್ನೇ ಎತ್ತಿ ಅದರ ಲ್ಯಾಟಿನ್ ಹೆಸರು ಹೇಳುವನು. ವಂತಿಗೆಯ ಚಿಲ್ಲರೆ ಕಾಸಿನಲ್ಲಿ ಎಲ್ಲರಿಗೂ ಸೇರಿದ ಪುಸ್ತಕ ಕೊಳ್ಳುವರು. ಜಾನ್ ಹಾರ್ಸ್‌ಫೀಲ್ಡ್ (1792-1854) ಎಂಬ ನೇಕಾರನೊಬ್ಬ ಲಿನೇಯಸ್ ಪಂಡಿತನ ಸಸ್ಯವರ್ಗಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದು ಮಗ್ಗದ ಕಂಬಕ್ಕೆ ಸಿಕ್ಕಿಸಿಕೊಂಡಿದ್ದನಂತೆ. ಕೈಯಲ್ಲಿ ಲಾಳಿ, ಕಣ್ಣು ಪಟ್ಟಿಯ ಮೇಲೆ. ವಿಶ್ವವಿದ್ಯಾಲಯದ ಪಂಡಿತರು ಗಿಡ ಗುರುತಿಸಲಾರದೆ ಹೋದಾಗ ಇಂಥವರಿಗೆ ಪತ್ರ ಬರೆಯುತ್ತಿದ್ದರು. ಲ್ಯಾಂಕಾಶೈರಿನ ಬಟ್ಟೆ ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆಯಿತೆಂಬುದನ್ನು ನಾವಾರೂ ಮರೆತಿಲ್ಲ. ಆದರೆ ಅಲ್ಲಿನ ಕೈಮಗ್ಗದವನೂ ಅದೇ ಉಗಿಯಂತ್ರದ ಗಾಲಿಗೆ ಸಿಕ್ಕಿ ನುರಿದವನೇ ಆಗಿದ್ದ. ಹಾಗಿದ್ದೂ ಅವನು ಗಿಡದ ಹೆಸರನ್ನು ಧಣಿಗೆ ಬಿಟ್ಟುಕೊಡಲಿಲ್ಲ.

ನಮ್ಮ ಓದುಗರಲ್ಲಿ ಕೆಲವರು ಈಗಾಗಲೇ ಹೊಟ್ಟೆಗೆ ಹಿಟ್ಟಿಲ್ಲದಿದ್ದರೆ ಜುಟ್ಟಿಗೆ ಮಲ್ಲಿಗೆ ಎನ್ನುತ್ತಿರಬಹುದು. ತುಟ್ಟಿಭತ್ಯೆಯ ಮಾತು ಬಿಟ್ಟು ಹುಲಿಯ ಮಾತೇಕೆ, ಎಂದು. ಹುಲಿಯ ಎಣಿಕೆಯೂ ಒಂದು ಬಗೆಯ ಹಾಜರಿ ಪುಸ್ತಕ. ಪುಸ್ತಕ ಒಬ್ಬನೇ ಬರೆದರೆ ಏನಾಗುವುದೆಂಬುದನ್ನು ಗುತ್ತಿಗೆದಾರನ ಕೆಳಗೆ ದುಡಿದವರಿಗೆ ನಾನು ಹೇಳಬೇಕಾಗಿಲ್ಲ.

1973ರಲ್ಲಿ ಹುಲಿ ಯೋಜನೆ ಪ್ರಾರಂಭವಾಯಿತು. ನಮ್ಮ ಬಂಡೀಪುರ ಆಗ ಆಯ್ದ ಒಂಬತ್ತು ಕಾಡುಗಳಲ್ಲಿ ಒಂದು. ಅಂದಿನಿಂದ ಮೂರು ದಶಕ ಕಾಲ ಹುಲಿಯ ಹೆಜ್ಜೆ ಗುರುತನ್ನು ಗಾಜಿನ ಮೇಲೆ ಬರೆದುಕೊಂಡು, ಇದು ಇಂಥ ಹುಲಿಯದು ಎಂದು ಗುರುತಿಸಿ ಎಣಿಸುತ್ತಿದ್ದರು. ಎಣಿಸುವವರೂ ಕಾಯುವವರೂ ಒಂದೇ ಇಲಾಖೆಯವರು. ಹುಲಿ ಕಡಿಮೆಯಾಯಿತೆಂದು ಬರೆದರೆ ತನ್ನ ತಲೆಗೇ ಬರುವುದೆಂದ ಮೇಲೆ ಯಾವ ಅಧಿಕಾರಿ ಹಾಗೆ ಬರೆದಾನು? ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ 2004ರ ತನಕ ಪುಸ್ತಕದಲ್ಲಿ ಹುಲಿಗಳಿದ್ದವು. 2005ರಲ್ಲಿ ಹುಡುಕಿದರೆ ಒಂದೂ ಇಲ್ಲ. ಕಳ್ಳಬೇಟೆಗಾರರು ಎಲ್ಲವನ್ನೂ ಮುಗಿಸಿದ್ದರು. ಇಡೀ ದೇಶದಲ್ಲಿ 3,642 ಹುಲಿಗಳಿವೆಯೆಂದು 2002ರಲ್ಲಿ ಹೇಳಿದ್ದರು. ಹೊಸ ವಿಧಾನದಿಂದ 2006ರಲ್ಲಿ ಅಂದಾಜು ಮಾಡಿದಾಗ ಸಿಕ್ಕ ಸಂಖ್ಯೆ 1,411. ವಿಧಾನ ಬೇರೆಯಾದುದರಿಂದ ಒಂದರಿಂದ ಒಂದನ್ನು ಕಳೆದು ಇಷ್ಟು ಸತ್ತವು ಎನ್ನಲಾಗದು, ನಿಜ. ಆದರೆ ಇಷ್ಟು ವರ್ಷ ದೇಶಕ್ಕೆ ಹೇಳಿದ ಲೆಕ್ಕ ಗಟ್ಟಿಯಾದುದಲ್ಲವೆಂಬುದಂತೂ ಸ್ಪಷ್ಟವಾಯಿತು. 2022ರ ಅಂದಾಜು ದೇಶಕ್ಕೆ 3,682, ಕರ್ನಾಟಕಕ್ಕೆ 563.

ಹೆಜ್ಜೆಯ ಲೆಕ್ಕ ನಂಬತಕ್ಕದ್ದಲ್ಲವೆಂದು 1980ರ ದಶಕದಿಂದಲೇ ಹೇಳುತ್ತ ಬಂದವರು ನಮ್ಮವರೇ, ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು. ಎಂಜಿನಿಯರಿಂಗ್ ಓದಿ ಬಳಿಕ ವನ್ಯಜೀವಿ ವಿಜ್ಞಾನಕ್ಕೆ ಬಂದವರು. ಅವರು ನಾಗರಹೊಳೆಯಲ್ಲಿ ಬಳಕೆಗೆ ತಂದ ವಿಧಾನಗಳಲ್ಲಿ ಒಂದು ಕ್ಯಾಮರಾ. ಮನುಷ್ಯನ ಹೆಬ್ಬೆಟ್ಟಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ದಾರಿಯ ಎರಡು ಕಡೆ ಕ್ಯಾಮರಾ ಕಟ್ಟಿದರೆ ಹುಲಿ ತನ್ನ ಹಾಜರಿಯನ್ನು ತಾನೇ ಹಾಕಿಹೋಗುತ್ತದೆ. ಇನ್ನೊಂದು ನಡಿಗೆಯ ವಿಧಾನ. ಸ್ವಯಂಸೇವಕರು ಬೇಕಾಗುವುದು ಇದಕ್ಕೆ. ಕಾಡಿನಲ್ಲಿ ನೇರವಾಗಿ ಕಡಿದ ಕಿರಿದಾದ ಸೀಳುದಾರಿಯಲ್ಲಿ ಇಬ್ಬರು ನಸುಕಿನಲ್ಲಿ, ಮತ್ತೆ ಇಳಿಹೊತ್ತಿನಲ್ಲಿ, ಮಾತಿಲ್ಲದೆ ಮೂರು ನಾಲ್ಕು ಕಿಲೋಮೀಟರು ನಡೆಯುತ್ತಾರೆ. ಜಿಂಕೆ, ಕಡವೆ, ಕಾಟಿ, ಹಂದಿ, ಲಂಗೂರ ಕಂಡಲ್ಲಿ ನಿಂತು ಎಷ್ಟಿವೆ, ಎಷ್ಟು ದೂರ, ದಾರಿಯಿಂದ ಯಾವ ಕೋನದಲ್ಲಿ ಎಂಬುದನ್ನು ಬರೆದುಕೊಳ್ಳುತ್ತಾರೆ. ದೂರ ಹೆಚ್ಚಿದಂತೆ ಕಾಣುವ ಪ್ರಾಣಿ ಕಡಿಮೆಯಾಗುವುದಷ್ಟೆ. ಆ ಇಳಿತದಿಂದ ಕಣ್ಣಿಗೆ ಬೀಳದೆ ಉಳಿದವು ಎಷ್ಟೆಂದು ಗಣಿತ ಮಾಡುತ್ತಾರೆ. ಪೇಟೆಯ ವ್ಯಾಪಾರಿಗಳಿಗೆ ಇದರ ಮರ್ಮ ತಿಳಿಯುವುದು ಕಷ್ಟವಲ್ಲ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಹಿಡಿಯಷ್ಟು ಕಾಳು ತೆಗೆದು ಇಡೀ ಚೀಲಕ್ಕೆ ದರ ಕಟ್ಟುವವರಲ್ಲವೆ ಅವರು? ಕೊಳವೆಯನ್ನು ಒಳ್ಳೆಯ ಕಾಳಿದ್ದ ಕಡೆಗೇ ಚುಚ್ಚಿದರೆ ಮೋಸ. ಅದಕ್ಕೇ ಸೀಳುದಾರಿಯನ್ನು ಪ್ರಾಣಿ ಕಾಣುವ ಕಡೆಗೆಂದು ಬಾಗಿಸುವಂತಿಲ್ಲ.

ಹುಲ್ಲು ತಿನ್ನುವ ಪ್ರಾಣಿಗಳನ್ನೇಕೆ ಎಣಿಸಬೇಕು? ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಆಹಾರ. ಇದ್ದುದರಲ್ಲಿ ಹತ್ತರಲ್ಲೊಂದು ಪಾಲನ್ನು ಮಾತ್ರ ಹುಲಿ ತೆಗೆಯುವುದೆಂದರೆ ಒಂದು ಹುಲಿಯ ಹಿಂದೆ 500 ಪ್ರಾಣಿಗಳ ಹಿಂಡು ಇರಬೇಕಾಯಿತು. ಹಿಂಡು ಕರಗಿದ ಕಾಡಿನಲ್ಲಿ ಬಂದೂಕಿಲ್ಲದೆಯೂ ಹುಲಿ ಇಲ್ಲವಾಗುತ್ತದೆ.

ಈ ನಡಿಗೆಗೆ ನೂರಾರು ಸ್ವಯಂಸೇವಕರು ತರಬೇತಿ ಪಡೆದು ಬಂದಿದ್ದಾರೆ. ಬಂದವರು ಹೆಚ್ಚಾಗಿ ಬೆಂಗಳೂರು, ಮೈಸೂರಿನ ವಿದ್ಯಾರ್ಥಿಗಳು, ಕಂಪನಿ ನೌಕರರು. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಜಿಗಣೆ, ಉಣ್ಣೆ, ಆನೆಯ ಭಯ ಯಾವುದನ್ನೂ ಲೆಕ್ಕಿಸದೆ ನಡೆದವರು. ಆದರೆ ಸೀಳುದಾರಿಯ ಮೇಲೆ ಅವರ ಮುಂದೆ ಯಾರು ನಡೆಯುತ್ತಾರೆ ಎಂದು ಕೇಳಿ ನೋಡಿ. ಬಹಳ ಸಲ ಒಬ್ಬ ಜೇನುಕುರುಬ, ಅಥವಾ ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರ. ಐವತ್ತು ಮಾರು ದೂರದ ಪೊದೆಯಲ್ಲಿ ಕಡವೆಯ ಕಿವಿ ಅಲುಗಿದ್ದನ್ನು ಮೊದಲು ಕಾಣುವವನು ಅವನು. ಗಾಳಿಯಲ್ಲಿ ಆನೆಯ ವಾಸನೆ ಹಿಡಿದು ಎಲ್ಲರ ಜೀವ ಉಳಿಸುವವನೂ ಅವನೇ. ಪಟ್ಟಣದಿಂದ ಬಂದವನಿಗೆ ಪ್ರಮಾಣಪತ್ರ ಸಿಗುತ್ತದೆ, ವಿಜ್ಞಾನಿಗೆ ಲೇಖನ. ಇವನಿಗೆ? ಎಷ್ಟೋ ಕಡೆ ಹೊರಗುತ್ತಿಗೆಯ ಕೂಲಿ, ಅದೂ ತಿಂಗಳು ಕಳೆದು.

ಇವನ ಹಾಡಿ ಎಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ನಾಗರಹೊಳೆಯ ಜೇನುಕುರುಬರನ್ನು ಕಾಡಿನಿಂದ ಎತ್ತಂಗಡಿ ಮಾಡಿದ ಸರ್ಕಾರವೇ 1990ರ ದಶಕದಲ್ಲಿ ಅದೇ ಕಾಡಿನೊಳಗೆ ದೊಡ್ಡ ಹೋಟೆಲು ಕಂಪನಿಗೆ ಜಾಗ ಗುತ್ತಿಗೆ ಕೊಟ್ಟಿತು. ಆದಿವಾಸಿಗಳೇ ಸಂಘ ಕಟ್ಟಿ ಹೋರಾಡಿದರು. 1997ರಲ್ಲಿ ಹೈಕೋರ್ಟು ಅವರ ಕಡೆಗೆ ತೀರ್ಪು ಕೊಟ್ಟಿತು. ಕಾಡುಜನರು ಒಪ್ಪಿ ಹೊರಬರುವುದಾದರೆ ಸ್ಥಳಾಂತರ ಒಳ್ಳೆಯದೆಂಬುದು ಉಲ್ಲಾಸ ಕಾರಂತರ ಅಭಿಪ್ರಾಯ. ಅವರ ಎಣಿಕೆಯನ್ನು ನಾನು ಒಪ್ಪುತ್ತೇನೆ, ಈ ಅಭಿಪ್ರಾಯವನ್ನು ಒಪ್ಪಲಾರೆ. ಶಾಲೆ, ಆಸ್ಪತ್ರೆ, ಹಕ್ಕುಪತ್ರ ಯಾವುದನ್ನೂ ಕೊಡದೆ ದಶಕಗಳ ಕಾಲ ಸತಾಯಿಸಿದ ಮೇಲೆ ಕೊಡುವ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯುವುದು ಹೇಗೆ?

ಬೇರೆ ದಾರಿ ಇದೆಯೆಂಬುದಕ್ಕೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ನಿದರ್ಶನ. ಅಲ್ಲಿ ಸೋಲಿಗರೂ ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳೂ 1990ರ ದಶಕದಿಂದ ಜೊತೆಗೂಡಿ ನೆಲ್ಲಿ, ಜೇನು, ಪಾಚಿಗಳ ಲೆಕ್ಕ ಇಟ್ಟಿದ್ದಾರೆ. ನೆಲ್ಲಿ ಮರಗಳು ಒಣಗುತ್ತಿರುವುದೇಕೆ ಎಂದರೆ ಸೋಲಿಗರು ಕೈ ತೋರಿಸಿದ್ದು ಮರದ ಮೇಲೆ ಬೆಳೆಯುವ ಬದನಿಕೆಯ ಕಡೆಗೆ. ಅವರ ಮಾತಿನಲ್ಲಿ ಅದು ಉಪ್ಪಿಲು. ಹಿಂದೆ ಬೇಸಗೆಯ ಆರಂಭದಲ್ಲಿ ನೆಲದ ತರಗೆಲೆ ಮಾತ್ರ ಸುಡುವ ಸಣ್ಣ ಬೆಂಕಿ ಇಡುತ್ತಿದ್ದರು, ತರಗುಬೆಂಕಿ ಎಂದು. ಅದರಿಂದ ಉಪ್ಪಿಲೂ ಲಂಟಾನವೂ ಹತೋಟಿಯಲ್ಲಿದ್ದವು. 1974ರಲ್ಲಿ ಅಭಯಾರಣ್ಯವಾಗಿ ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನೇ ನುಂಗಿತು ಎಂಬುದು ಅವರ ವಾದ. ಅಜ್ಞಾನಿಗಳ ಮಾತೆಂದು ಬಹುಕಾಲ ತಳ್ಳಿಹಾಕಿದರು. 1997ರಲ್ಲೂ 2008ರಲ್ಲೂ ವಿಜ್ಞಾನಿಗಳು ಅದೇ ಜಾಗಗಳನ್ನು ಅಳೆದು ನೋಡಿದಾಗ ಲಂಟಾನದ ಕಾಂಡಗಳು ಹಲವು ಪಟ್ಟು ಹೆಚ್ಚಿದ್ದವು. ಆ ಮೇಲೆ ಸೋಲಿಗರ ಹೆಸರುಗಳೂ ವಿಜ್ಞಾನ ಪತ್ರಿಕೆಯ ಲೇಖನದ ಮೇಲೆ ಬಂದವು. ಸೋಲಿಗರಾದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದರು. 2011ರಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅರಣ್ಯ ಹಕ್ಕು ಕಾನೂನಿನ ಪ್ರಕಾರ ಸೋಲಿಗರಿಗೆ ಸಮುದಾಯದ ಹಕ್ಕೂ ಸಿಕ್ಕಿತು. ಜನ ಅಲ್ಲೇ ಇದ್ದಾರೆ. ಹುಲಿಯೂ ಇದೆ.

ಇನ್ನು ನಮ್ಮ ಜಿಲ್ಲೆಯ ಮಾತು. ಏಳು ದಿನದ ರಜೆ ಇಲ್ಲದವನಿಗೆ ಒಂದು ಭಾನುವಾರವಾದರೂ ಇದೆ. ಏಷ್ಯಾ ಖಂಡದ ಕೆರೆ ಕುಂಟೆಗಳಲ್ಲಿ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ಎಣಿಸುವವರೆಲ್ಲ ಸ್ವಯಂಸೇವಕರು, ಶುಲ್ಕವಿಲ್ಲ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬರುತ್ತವೆ. ಅಂದು ಅರ್ಜಿ ಮಡಚಿಟ್ಟ ಆ ಹುಡುಗ, ಒಬ್ಬ ನೇಕಾರರು, ಅಡತಿ ಅಂಗಡಿಯ ಒಬ್ಬ ಹಮಾಲರು, ತರಕಾರಿ ಮಾರುವ ಒಬ್ಬ ತಾಯಿ, ನಾನು, ಹೀಗೆ ಐದು ಮಂದಿ ಮುಂದಿನ ಜನವರಿಯಲ್ಲಿ ಅಲ್ಲಿಗೆ ಹೋದೆವು. ಹುಡುಗ ರಾತ್ರಿ ಪಾಳಿ ಮುಗಿಸಿ, ತಲೆಯ ಮೇಲಿನ ಹತ್ತಿಯ ಧೂಳು ಕೊಡವಿಕೊಂಡು ನೇರವಾಗಿ ಬಸ್ಸಿಗೆ ಬಂದಿದ್ದ. ಎಣಿಕೆ ನಡೆಸುವ ಶಾಲಾ ಮಾಸ್ತರರು ವಿಧಾನ ಹೇಳಿಕೊಟ್ಟರು: ಮೊದಲು ಹತ್ತು ಹಕ್ಕಿ ಎಣಿಸಿ, ಅಷ್ಟು ಹಕ್ಕಿ ಎಷ್ಟು ಜಾಗ ಹಿಡಿಯುವವೆಂದು ಕಣ್ಣಲ್ಲಿ ಇಟ್ಟುಕೊಂಡು, ಅದೇ ಅಳತೆಯನ್ನು ಹಿಂಡಿನ ಮೇಲೆ ಸರಿಸುತ್ತ ಹೋಗುವುದು. ನಮ್ಮಲ್ಲಿ ಎಲ್ಲರಿಗಿಂತ ಮೊದಲು ಅದು ಕೈವಶವಾದದ್ದು ಹಮಾಲರಿಗೆ. ಲಾರಿಯಲ್ಲಿ ಒಟ್ಟಿದ ಚೀಲವನ್ನು ಮೂವತ್ತು ವರ್ಷ ದೂರದಿಂದಲೇ ಎಣಿಸಿದ ಕಣ್ಣು ಅದು. "ಚೀಲ ಹಾರೂದಿಲ್ಲ, ಇವು ಹಾರ್ತಾವ, ಇಷ್ಟ ಫರಕು," ಎಂದರು. ಮಾಸ್ತರರ ಲೆಕ್ಕಕ್ಕೂ ಅವರದಕ್ಕೂ ಬಹಳ ಅಂತರವಿರಲಿಲ್ಲ.

ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ ಬರೆದ ಪಟ್ಟಿ ತೊಡಿಸಿ ಬಿಡುತ್ತಾರೆ. ಅಂಥ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಆ ಅಕ್ಷರ ಓದಿ ತಿಳಿಸಿದವನು ಹಮಾಲನಾಗಲಿ ಪ್ರೊಫೆಸರನಾಗಲಿ, ಮಾಹಿತಿಯ ಬೆಲೆ ಒಂದೇ. ನಮಗೆ ಅಂದು ಕೊರಳಪಟ್ಟಿಯ ಹಕ್ಕಿ ಕಾಣಲಿಲ್ಲ.

ಮಾಗಡಿ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜಲತಾಣಗಳ ಪಟ್ಟಿಗೆ ಸೇರಿತು. ಆ ಪಟ್ಟಿಗೆ ಸೇರಲು ಇರುವ ಹಲವು ಅಳತೆಗಳಲ್ಲಿ ಒಂದು ಜಾತಿಯ ನೀರುಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ಶೇಕಡಾ ಒಂದು ಪಾಲು ಅಲ್ಲಿ ನಿಯಮಿತವಾಗಿ ಇರುವುದೂ ಒಂದು. ಶೇಕಡಾ ಒಂದೋ ಅರ್ಧವೋ ಎಂಬುದನ್ನು ಹೇಳುವವರು ಜನವರಿಯ ಚಳಿಯಲ್ಲಿ ದಂಡೆಯ ಮೇಲೆ ನಿಂತು ಎಣಿಸಿದವರಲ್ಲದೆ ಇನ್ನಾರು? ಎಷ್ಟೋ ಊರ ಕೆರೆಗಳಿಗೆ ಇಂಥ ಲೆಕ್ಕವೇ ಇಲ್ಲ. ನಿವೇಶನ ಹಾಕುವವರು ಬಂದಾಗ "ಇಲ್ಲಿ ಏನೂ ಇರಲಿಲ್ಲ" ಎಂದರೆ ಎದುರಿಗೆ ಇಡಲು ನಮ್ಮ ಬಳಿ ಕಾಗದವಿಲ್ಲ. ಕಪ್ಪತಗುಡ್ಡದ ಕಥೆ ಎಲ್ಲರಿಗೂ ನೆನಪಿದೆ. 2016ರಲ್ಲಿ ಸರ್ಕಾರ ಅದರ ಸಂರಕ್ಷಿತ ಸ್ಥಾನವನ್ನು ಹಿಂತೆಗೆದುಕೊಂಡಾಗ ಗದಗಿನಲ್ಲಿ ಜನ ಧರಣಿ ಕುಳಿತರು, 2017ರಲ್ಲಿ ಅದು ಮರಳಿತು, 2019ರಲ್ಲಿ ವನ್ಯಜೀವಿ ಧಾಮವಾಯಿತು. ನೆಲದಡಿಯ ಚಿನ್ನದ ಮೇಲೆ ಕಣ್ಣಿಟ್ಟವರು ಮಾತ್ರ ಎಲ್ಲಿಗೂ ಹೋಗಿಲ್ಲ. ಗುಡ್ಡದ ತೋಳ, ಕತ್ತೆಕಿರುಬ, ಕೊಂಡುಕುರಿಗಳ ಲೆಕ್ಕ ಊರವರ ಕೈಯಲ್ಲೂ ಇದ್ದರೆ ಮುಂದಿನ ಧರಣಿಗೆ ಅದು ಬಲ.

ಆದ್ದರಿಂದ ನಮ್ಮ ಪಕ್ಷ ಇದನ್ನು ಸರ್ಕಾರದ ಮುಂದೆ ಇಡಬೇಕೆಂದು ನನ್ನ ಸಲಹೆ. ಕಾಡಿನ ಎಣಿಕೆಗೆ ಹೋಗುವ ಕಾರ್ಮಿಕನಿಗೆ ವರ್ಷಕ್ಕೆ ನಾಲ್ಕು ದಿನವಾದರೂ ಸಂಬಳದ ವಿಶೇಷ ರಜೆ ಬೇಕು. ಬಸ್ಸಿನ ಖರ್ಚು, ಬೂಟು ಸಫಾರಿಯ ಟಿಕೆಟ್ಟಿನ ಆದಾಯದಿಂದ ಬರಲಿ. ಅರ್ಜಿಯೂ ನಮೂನೆಯೂ ಕನ್ನಡದಲ್ಲಿರಬೇಕು. ಜಿಂಕೆ ಎಂದು ಬರೆದರೆ ಲೆಕ್ಕ ಕೆಡುವುದೆಂದು ಯಾವ ಗಣಿತವೂ ಹೇಳುವುದಿಲ್ಲ; ಡಾ. ಲೋಹಿಯಾ ಅವರು ಜನಭಾಷೆಯ ಮಾತೆತ್ತಿದ್ದು ಇಂಥ ಬೀಗಗಳನ್ನು ಕಂಡೇ. ಮುಂದೆ ನಡೆದು ದಾರಿ ತೋರುವವನಿಗೆ ನುರಿತ ಕೆಲಸಗಾರನ ಕೂಲಿ ಸಿಗಬೇಕು, ವರದಿಯಲ್ಲಿ ಅವನ ಹೆಸರು ಅಚ್ಚಾಗಬೇಕು, ಎಣಿಕೆಯ ಫಲವನ್ನು ಕಾಡಂಚಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಇವೆಲ್ಲಕ್ಕಿಂತ ನಾನು ಎಚ್ಚರಿಕೆ ಹೇಳುವುದು ಇನ್ನೊಂದರ ವಿಷಯವಾಗಿ. ಪುಕ್ಕಟೆ ಸ್ವಯಂಸೇವಕರು ಸಿಗುತ್ತಾರೆಂದು ಕಾವಲುಗಾರರ ಹುದ್ದೆ ಖಾಲಿ ಬಿಡುವ ಚಾಳಿಗೆ ನಾವು ಕೈಜೋಡಿಸಬಾರದು. ಎಣಿಸಲು ನಾವು ಹೋಗೋಣ. ಕಾಯುವ ಕೆಲಸ ಖಾಯಂ ಸಂಬಳದವನದು. ಈ ಗೆರೆ ಅಳಿಸಿಹೋದರೆ ನಮ್ಮ ಶ್ರಮದಾನವೇ ಇನ್ನೊಬ್ಬ ಬಡವನ ಅನ್ನಕ್ಕೆ ಕಲ್ಲು ಹಾಕುತ್ತದೆ.

ದುರ್ಬೀನಿನ ಬೆಲೆ ಕೇಳಿ ಹಲವರು ಹಿಂಜರಿದಿದ್ದಾರೆ. 1905ರಲ್ಲಿ ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲಿ ಒಂದು ಹುಟ್ಟಿದ್ದು ನಮ್ಮ ಕಣಗಿನಹಾಳದಲ್ಲಿ. ಅಂಥ ನೆಲದವರು ನಾಲ್ಕು ದುರ್ಬೀನು ಕೂಡಿ ಕೊಳ್ಳಲಾರೆವೆ? ಸಂಘದ ಕಚೇರಿಯಲ್ಲಿ ಇದಕ್ಕಾಗಿ ಒಂದು ಡಬ್ಬಿ ಇಟ್ಟಿದೆ. ಬರುವ ಜನವರಿಯ ಎಣಿಕೆಗೆ ಹೆಸರು ಕೊಡುವವರು ಯಾವ ಭಾನುವಾರ ಸಂಜೆಯಾದರೂ ಬಂದು ಬರೆಸಬಹುದು, ಹೆಣ್ಣುಮಕ್ಕಳೂ ಬರಬೇಕು. ರಾತ್ರಿ ಪಾಳಿಯವರಿಗಾಗಿ ಬೆಳಗಿನ ಎರಡನೆಯ ಬಸ್ಸಿಗೆ ಹೊರಡುವುದೆಂದು ಈ ಸಲ ಗೊತ್ತುಮಾಡಿದೆ. ರೊಟ್ಟಿಯ ಬುತ್ತಿ ಅವರವರದು. ಈಗ ಇರುವುದು ಒಂದೇ ದುರ್ಬೀನು, ಸರದಿಯ ಮೇಲೆ ನೋಡಬೇಕು.